ಸುನಂದಕ್ಕನ ಪಂಚನಾಮೆ

ಸುನಂದಕ್ಕ ಯಾರ ಮೇಲಾದರೂ ಸಿಟ್ಟಾದರೆ ಮೊದಲು ಅವರಿಗೆ ಚಹಾ ತರಿಸುತ್ತಿದ್ದಳು. ಕಾಗವಾಡದ ನಮ್ಮ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನ ಸರ್ವರ್ ಕೋಣೆಯಲ್ಲಿ ನಾನು ಅವಳ ಜೊತೆಗಾರ. ಅವಳು ನಗುನಗುತ್ತಾ ಕಪ್ಪನ್ನು ನನ್ನತ್ತ ಸರಿಸಿದರೆ ಏನು ತಪ್ಪು ಮಾಡಿದೆನೆಂದು ಲೆಕ್ಕ ಹಾಕತೊಡಗುತ್ತಿದ್ದೆ. ತನ್ನೂರು ಅಂಕಲಿಯಲ್ಲಿ ಒಮ್ಮೆ ಬಸ್ಸು ನಿಲ್ಲಿಸದ ಕಂಡಕ್ಟರನನ್ನು ಅವನು ನಿವೃತ್ತನಾಗುವವರೆಗೂ ಬಿಡಲಿಲ್ಲ. ದಿನಾ ಹತ್ತುವಾಗ ಬಸ್ಸಿಗೆಲ್ಲ ಕೇಳುವಂತೆ, "ಇವತ್ತರ ಅಂಕಲ್ಯಾಗ ನಿಂದರಸ್ತೀರೇನ್ರಿ, ಅಣ್ಣಾ?" ಎನ್ನುತ್ತಿದ್ದಳು.

ಇಂಥವಳನ್ನು ವಿನಾಯಕರಾವ್ ಕೆಣಕಿದ. ರೈತರ ಮಾಲು ತೂಗುವ ಕಾಟಾವನ್ನು ಸರ್ವರಿಗೆ ಜೋಡಿಸುವ ಡ್ರೈವರ್ ಎಂಬ ಪ್ರೋಗ್ರಾಮು ಅವನು ಬರೆದದ್ದು. ಹರಾಜಿನ ದಿನ ಹೊರೆ ಹೆಚ್ಚಿದಾಗ, ಸರ್ವರಿನೊಳಗೆ ಹರಾಜು ನಡೆಸುವ ವರ್ಚುವಲ್ ಮಷೀನನ್ನು ನಿಲ್ಲಿಸದೆಯೇ ಅದಕ್ಕೆ ಇನ್ನಷ್ಟು ಮೆಮೊರಿ ಸೇರಿಸುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಮಷೀನಿನ ತಿರುಳಾದ ಕರ್ನಲ್ ಕುಸಿದು ಬೀಳುತ್ತಿತ್ತು. ಹಾಗೆ ಬಿದ್ದಾಗ, ಮೊದಲೇ ಬದಿಗಿಟ್ಟ ಚಿಕ್ಕ ಕರ್ನಲ್ ಒಂದು ಎದ್ದು, ಸತ್ತದ್ದರ ಮೆಮೊರಿಯನ್ನು ಡಿಸ್ಕಿಗೆ ನಕಲು ಮಾಡುತ್ತದೆ. ಅದೇ ಡಂಪ್. ತೆರೆದು ನೋಡಿದರೆ ಕೆಡವಿದ್ದು ಯಾರೆಂದು ತಿಳಿಯಬೇಕು. ನಮ್ಮ ಡಂಪಿನಲ್ಲಿ ಮಾತ್ರ ಬೇಕಾದ ಭಾಗವೇ ಇರುತ್ತಿರಲಿಲ್ಲ.

"ಪುರಾವೆ ಇಲ್ಲಂದ ಮ್ಯಾಲೆ ನನ್ನ ಡ್ರೈವರ್ ಕಡೆ ಯಾಕ ಬೊಟ್ಟ ಮಾಡ್ತೀರಿ? ಹೆಂಗಸರ ಕೈಯಾಗ ಸರ್ವರ್ ಕೊಟ್ರ ಹಿಂಗಽ ಆಗೋದು," ಎಂದ ವಿನಾಯಕರಾವ್, ಚೇರ್ಮನ್ನರ ಎದುರಿಗೇ. ಚೇರ್ಮನ್ನರು ಸುನಂದಕ್ಕನನ್ನು ಗೇಟಿನಲ್ಲಿ ಪಾಸು ಬರೆಯಲು ಕೂರಿಸಿದರು. ಆ ಸರ್ವರ್ ಕೋಣೆಯನ್ನು ಮೊದಲ ತಂತಿಯಿಂದ ಕಟ್ಟಿದವಳು ಅವಳು. ನನಗೆ ಮೈಯೆಲ್ಲ ಉರಿಯಿತು. ಅವಳು ವಿನಾಯಕರಾವ್‌ಗೆ ಚಹಾ ತರಿಸಿದಳು.

ಕೆಲವು ದಿನಗಳ ಮೇಲೆ ಊಟದ ಹೊತ್ತಿಗೆ ರೊಟ್ಟಿ ಮುರಿಯುತ್ತಾ ಕೇಳಿದಳು: "ಮೆಮೊರಿ ಸೇರಿಸಿದ ಮ್ಯಾಲೆ ಡಂಪ್ ತಗಿಯೋ ಸಣ್ಣ ಕರ್ನಲ್ ಮತ್ತ ಲೋಡ್ ಮಾಡ್ತೀಯೇನೋ?"

"ಇಲ್ಲಕ್ಕಾ. ಯಾಕ?"

"ಅದಕ್ಕ ನೋಡು. ಪಂಚನಾಮೆಕ್ಕ ಬಂದಾವನ ಕೈಯಾಗ ಹಳೇ ಮನೀ ನಕ್ಷೆ ಐತಿ. ಮೊನ್ನೆ ಕಟ್ಟಿದ ಖೋಲಿ ಅವಂಗ ಹೆಂಗ ಗೊತ್ತಾಗಬೇಕು? ಹೆಣ ಅಲ್ಲೇ ಬಿದ್ದೈತಿ."

ಮೆಮೊರಿ ಹೆಚ್ಚಿದ ಕೂಡಲೇ ಆ ಚಿಕ್ಕ ಕರ್ನಲ್ ಹೊಸ ಮೆಮೊರಿಯೂ ಇರುವ ನಕ್ಷೆಯೊಡನೆ ತಾನಾಗಿಯೇ ಮತ್ತೆ ಲೋಡ್ ಆಗುವಂತೆ ಒಂದು ನಿಯಮ ಬರೆದು ಕೊಟ್ಟಳು. ಚೇರ್ಮನ್ನರಿಗೆ ಹೇಳಿಬಿಡೋಣ ಎಂದೆ.

"ಹೇಳಬ್ಯಾಡ. ಹೇಳಿದ್ರ ಅವ ಸುಮ್ಮನ ತನ್ನ ಡ್ರೈವರ್ ತಿದ್ದಿ ಸಂಭಾವಿತ ಆಗತಾನ. ಬೀಳಲಿ, ಎಲ್ಲಾರ ಎದುರಿಗೆ ಬೀಳಲಿ. ಸತ್ತದ್ದರ ಬಾಯಿಂದನಽ ಅವನ ಹೆಸರ ಹೇಳಸ್ತೀನಿ."

ಮುಂದಿನ ಹರಾಜಿಗೆ ಅಥಣಿ, ರಾಯಬಾಗದಿಂದಲೂ ರೈತರು ಬಂದಿದ್ದರು. ವಿನಾಯಕರಾವ್ ಚೇರ್ಮನ್ನರ ಪಕ್ಕದಲ್ಲೇ ಕುಳಿತಿದ್ದ. ನಾನು ಮೆಮೊರಿ ಸೇರಿಸಿದೆ. ಮಷೀನು ಬಿತ್ತು. ಹರಾಜಿನ ಕೂಗು ನಿಂತಿತು, ರೈತರು ಬೈಯತೊಡಗಿದರು. ಸುನಂದಕ್ಕ ಗೇಟಿನಿಂದ ನಿಧಾನವಾಗಿ ಬಂದು, ಡಂಪ್ ತೆರೆದು, ರೇಟು ತೋರಿಸುವ ದೊಡ್ಡ ಪರದೆಗೆ ಹಾಕಿದಳು. ಈ ಸಲ ಹೊಸ ಮೆಮೊರಿಯೂ ಪೂರ್ತಿ ಸಿಕ್ಕಿತ್ತು. ಕರ್ನಲ್ ಬಿದ್ದ ಜಾಗದಲ್ಲಿ ಅವನ ಡ್ರೈವರಿನ ಹೆಸರಿತ್ತು.

"ಓದ್ರಿ, ವಿನಾಯಕರಾವ್."

ಅವನು ಏನೋ ಗೊಣಗಿದ.

"ಜೋರಾಗಿ ಓದ್ರಿ. ಹಿಂದ ಕುಂತವರಿಗೆ ಕೇಳವಲ್ದು."

ಓದಿದ. ಅವಳು ಮತ್ತೊಮ್ಮೆ ಓದಿಸಿದಳು. ಅವನ ಮುಖ ಇಂಗು ತಿಂದ ಮಂಗನಂತಾಗಿತ್ತು. ನನಗೆ ಒಂದಿಷ್ಟೂ ಮರುಕ ಬರಲಿಲ್ಲ. ನೆನೆದರೆ ಈಗಲೂ ಊಟ ರುಚಿಸುತ್ತದೆ. ಅರ್ಧ ದಿನ ಕಾದ ರೈತರಲ್ಲಿ ನನ್ನ ಸೋದರಮಾವನೂ ಇದ್ದ, ಅವನ ಬೈಗುಳವನ್ನೂ ಸಂತೋಷದಿಂದಲೇ ತಿಂದೆ.

ಚೇರ್ಮನ್ನರು ಸರ್ವರ್ ಕೋಣೆಯ ಕೀಲಿಯನ್ನು ಅವಳಿಗೆ ಚಾಚಿದರು. ಅವಳು ಅದನ್ನು ಮುಟ್ಟಲಿಲ್ಲ. "ನಿಪ್ಪಾಣ್ಯಾಗ ಕೆಲಸ ಹಿಡದೀನ್ರಿ," ಎಂದಳು. ಹೋಗುವ ಮುನ್ನ ನನ್ನ ಕುರ್ಚಿಯಲ್ಲಿ ಕುಳಿತು, ಆ ನಿಯಮಕ್ಕೆ ಇನ್ನೊಂದೇ ಸಾಲು ಸೇರಿಸಿ ಎದ್ದಳು. ಆಮೇಲೆ ಅವಳು ಈ ಕಡೆ ಬಂದಿಲ್ಲ.

ಡ್ರೈವರ್ ದುರಸ್ತಿಯಾಗಿದೆ, ಮಷೀನು ಈಗ ಬೀಳುವುದಿಲ್ಲ. ಆದರೆ ಪ್ರತಿ ಹರಾಜಿನಲ್ಲಿ ಮೆಮೊರಿ ಹೆಚ್ಚಿದ ಕೂಡಲೇ ವಿನಾಯಕರಾವ್‌ನ ಮೊಬೈಲಿಗೆ ಒಂದು ಸಂದೇಶ ಹೋಗುತ್ತದೆ: "ಮೆಮೊರಿ ಹೆಚ್ಚಾಗೈತಿ. ಈಗ ಬಿದ್ರ ಎಲ್ಲಾ ಸಿಗತೈತಿ. — ಸುನಂದಾ."

ಮೊನ್ನೆಯೂ ಅವನು ನನಗೆ ಫೋನು ಮಾಡಿ ಅಂಗಲಾಚಿದ. "ಆ ಒಂದು ಸಾಲು ತಗದ ಬಿಡೋ ಮಾರಾಯಾ, ಫೋನು ಟಿಣ್ ಅಂದ ಕೂಡ್ಲೆ ಮಂದಿ ನನ್ನ ನೋಡಿ ನಗತಾರ, ಮಾನ ಹೋಗತೈತಿ."

ಆ ಸಾಲು ನನ್ನ ಕಣ್ಣೆದುರಿನ ಪರದೆಯ ಮೇಲೇ ಇತ್ತು.

"ನನಗ ಅದೆಲ್ಲಾ ಬರಂಗಿಲ್ರಿ," ಎಂದೆ. "ಅಕ್ಕನ್ನಽ ಕೇಳ್ರಿ."