ಮತ್ತಿ ಮರಕ್ಕೆ ಹೇಳಿದ ಹೆಸರು

ನಾಟಿ ಔಷಧಿಯ ತೊಗಟೆಗಳಲ್ಲಿ ಏನೇನಿದೆ ಎಂದು ಪರೀಕ್ಷಿಸುವುದು ನನ್ನ ಕೆಲಸ. ಹೊಳೆಮತ್ತಿ ತೊಗಟೆ ಬೇಕೆಂದು ಮಲ್ಲಿಪಟ್ಟಣದ ಹತ್ತಿರ ಔಷಧಿ ಕೊಡುವ ಅಜ್ಜಿಯೊಬ್ಬರಲ್ಲಿಗೆ ಹೋಗಿದ್ದೆ. ಮರದ ಮುಂದೆ ನಿಂತು ಮಚ್ಚು ಎತ್ತಿದವರು ಕೇಳಿದರು, "ಕಾಯ್ಲೆ ಯಾರ್ಗಪ್ಪಾ?"

"ಯಾರಿಗೂ ಇಲ್ಲಜ್ಜಿ. ಮಿಷನ್ನಿಗೆ ಹಾಕಿ ನೋಡಬೇಕು."

ಮಚ್ಚು ಕೆಳಗಿಳಿಯಿತು. "ಕಾಯ್ಲೆಯೋರ್ ಎಸ್ರು ಏಳ್ದೆ ಮರ ಮುಟ್ಟಾಕಿಲ್ಲ ಕಣಪ್ಪ. ಸುಮ್ಸುಮ್ನೆ ಗಾಯ ಮಾಡಿದ್ರೆ ಅದುಕ್ಕೆ ನೋಯಾಕಿಲ್ವಾ?"

ಬರಿಗೈಲಿ ವಾಪಸಾಗುವ ಜಾಯಮಾನ ನನ್ನದಲ್ಲ. ನನ್ನ ಹೆಸರನ್ನೇ ಕೊಟ್ಟೆ. ಅಜ್ಜಿ ಅದನ್ನು ಮರಕ್ಕೆ ಮೂರು ಸಲ ಹೇಳಿ, ಅಂಗೈಯಗಲ ತೊಗಟೆ ಕೆತ್ತಿಕೊಟ್ಟು, ಮರದ ಗಾಯಕ್ಕೆ ಸಗಣಿ ಬಳಿದರು.

ಹಾಸನದ ಲ್ಯಾಬಿನಲ್ಲಿ ಅದನ್ನು ಪುಡಿ ಮಾಡಿ, ಸೋಸಿ, ವಾರಗಟ್ಟಲೆ ಮಿಷನ್ನಿನ ಮುಂದೆ ಕೂತೆ. ಒಗರಿನ ಅಂಶ ಭರ್ಜರಿಯಾಗಿತ್ತು. ವರದಿ ಹಿಡಿದು ಹೋಗಿ ಬೀಗುತ್ತಲೇ ವಿವರಿಸಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡು, "ಅದಿರ್ಲಿ, ನೀನೀಗ ಎಂಗಿದ್ದೀಯಪ್ಪಾ?" ಅಂದರು.

"ಗುಂಡುಕಲ್ಲಿನ ಥರ ಇದ್ದೀನಜ್ಜಿ. ಕಷಾಯ ಒಂದು ಗುಟುಕೂ ಕುಡಿದಿಲ್ಲ."

"ನೋಡ್ದಾ? ಕುಡೀದೇನೇ ವಾಸಿ ಆಗ್ಬುಟ್ಟೈತೆ."

ಇದು ಸುಳ್ಳೆಂದು ತೋರಿಸುವ ಮಿಷನ್ನು ನಮ್ಮ ಲ್ಯಾಬಿಗೆ ಇನ್ನೂ ಬಂದಿಲ್ಲ.