ಕಂಬಳಿಯ ನಾಲ್ಕನೇ ಮೂಲೆ

ಕರೆಂಟು ಹೋಗಬಹುದಿತ್ತು. ನೆಟ್‌ವರ್ಕ್ ಸಿಗದೇ ಇರಬಹುದಿತ್ತು. ಸಿರಾ ಕಡೆಯಿಂದ ಬರುವ ಬಸ್ಸು ಬಡವನಹಳ್ಳಿಯ ಹತ್ತಿರ ಪಂಕ್ಚರ್ ಆಗಬಹುದಿತ್ತು. ಆಗದಿದ್ದರೆ, ಪಕ್ಕದ ಸೀಟಿನವರ ಮಜ್ಜಿಗೆ ಬಾಟಲಿಯ ಮುಚ್ಚಳ ಕಳಚಿ ಕಂಬಳಿಯ ಮೇಲೆ ಚೆಲ್ಲಬಹುದಿತ್ತು. ಇಲಿ ಕಡಿಯಬಹುದಿತ್ತು. ಕುರಿಯುಣ್ಣೆಯ ವಾಸನೆಗೆ ತೀರ್ಪುಗಾರರೊಬ್ಬರಿಗೆ ಸೀನು ಹತ್ತಿ, ಆ ಸೀನಿನಲ್ಲೇ ನಮ್ಮ ಅಂಕಗಳೂ ಹಾರಿಹೋಗಬಹುದಿತ್ತು. ಗೋಡೆಯ ಮೊಳೆ ಕಿತ್ತು ಕಂಬಳಿ ಉದ್ಘಾಟಕರ ಹೆಗಲ ಮೇಲೆ ಬಿದ್ದು, ಅವರು ಅದನ್ನು ಸನ್ಮಾನವೆಂದು ತಿಳಿದು ಹೊದ್ದುಕೊಂಡೇ ಹೊರಟುಬಿಡಬಹುದಿತ್ತು. ಮಧುಗಿರಿಯ ಬೆಟ್ಟ ಉರುಳಬಹುದಿತ್ತು.

ಕೊನೆಯದನ್ನು ಓದಿ ನಗಬೇಡಿ. ಮದುವೆಯಾಗಿ ಬಂದಾಗಿನಿಂದ ಆ ಬೋಳುಬಂಡೆಯ ಬುಡದಲ್ಲೇ ಬದುಕಿದ್ದೇನೆ. ಬೆಳಿಗ್ಗೆ ಎದ್ದು ಹಾಲು ತರಲು ಬಾಗಿಲು ತೆಗೆದಾಗ ಮೊದಲು ಅದನ್ನೇ ನೋಡುತ್ತೇನೆ. ಭಕ್ತಿಯಿಂದಲ್ಲ, ನಿನ್ನೆ ಇದ್ದಲ್ಲೇ ಇದೆಯೋ ಇಲ್ಲವೋ ಎಂದು. ಇಷ್ಟು ವರ್ಷವೂ ಇದ್ದಲ್ಲೇ ಇದೆ. ಅದಕ್ಕೆ ನನ್ನ ಕಾವಲೇ ಕಾರಣ ಎಂದು ಒಳಗೊಳಗೇ ನಂಬಿಕೊಂಡಿದ್ದೇನೆ. ನಮ್ಮ ಯಜಮಾನರು ಇಲ್ಲಿನ ಕೋರ್ಟಿನಲ್ಲಿ ಗುಮಾಸ್ತರು. ನನ್ನ ಚಿಂತೆಗಳನ್ನೆಲ್ಲ ಕೇಳಿ ಅವರು ಒಮ್ಮೆ, "ಇದಕ್ಕೊಂದು ನೋಟ್‌ಬುಕ್ ಇಡೇ. ಬರೆದಿಟ್ಟರೆ ನಂಗೆ ಹೇಳೋದಾದ್ರೂ ತಪ್ಪುತ್ತೆ" ಅಂದರು. ವ್ಯಂಗ್ಯವೆಂದು ಗೊತ್ತಿದ್ದೂ ನಾನು ಇಟ್ಟೆ. ಈ ಬಾರಿಯ ಕಲಾ ಪ್ರದರ್ಶನಕ್ಕೆಂದು ಅದರಲ್ಲಿ ಎರಡು ಪುಟ ತುಂಬಿಸಿದ್ದೆ. ಮೇಲಿನದು ಅದರಿಂದ ಆಯ್ದ ಭಾಗ.

ಸಿರಾ ರಸ್ತೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ನಾನು ಚಿತ್ರಕಲಾ ಶಿಕ್ಷಕಿ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಮಕ್ಕಳಿಗೆ ಸೇರಿಸಿ ಮಧುಗಿರಿಯಲ್ಲಿ ಒಂದು ಪ್ರದರ್ಶನ ಏರ್ಪಾಡಾಗಿತ್ತು. ವಿಷಯ: 'ನಮ್ಮ ಬದುಕಿನಲ್ಲಿ ಡಿಜಿಟಲ್ ತಂತ್ರಜ್ಞಾನ'. ಈ ವಿಷಯ ಕೊಟ್ಟರೆ ಮಕ್ಕಳು ಏನು ಬರೆಯುತ್ತಾರೆಂದು ನನಗೆ ಕಣ್ಣು ಮುಚ್ಚಿದರೂ ಗೊತ್ತು. ಕೈಕಾಲು ಮೂಡಿದ ಮೊಬೈಲು. ಮೊಬೈಲಿನ ಸಂಕೋಲೆಯಲ್ಲಿ ಅಳುತ್ತಿರುವ ಬಾಲಕ. ಹೆಡ್‌ಫೋನ್ ಹಾಕಿಕೊಂಡ ಭೂಗೋಳ. ಭೂಗೋಳಕ್ಕೆ ಕಿವಿ ಎಲ್ಲಿರುತ್ತದೆ ಎಂಬ ಚರ್ಚೆಯಲ್ಲೇ ನನ್ನ ಎಷ್ಟೋ ಪೀರಿಯಡ್ಡುಗಳು ಕಳೆದಿವೆ.

ಹತ್ತನೇ ತರಗತಿಯ ಕಾವ್ಯ ಮಾತ್ರ ಏನೂ ಬರೆಯದೆ ಕೂತಿದ್ದಳು. ಕುರಿ ಸಾಕುವ, ಕಂಬಳಿ ನೇಯುವ ಮನೆಯ ಹುಡುಗಿ. ಕೇಳಿದ್ದಕ್ಕೆ ತಲೆ ಕೆರೆದುಕೊಂಡು, "ಮಿಸ್, ಅಂಗ್ಡೀಲಿ ಸ್ಕ್ಯಾನರ್ ಇರ್ತದಲ್ಲ, ಅದು ನಮ್ಮಜ್ಜಿ ಕಂಬ್ಳಿ ಇದ್ದಂಗೇ ಐತೆ. ಬರೀ ಕಪ್ಪು, ಬಿಳಿ. ನಮ್ ಕುರೀನೂ ಅಷ್ಟೇ" ಅಂದಳು.

ಬೀಡಾ ಅಂಗಡಿಯಿಂದ ಹಿಡಿದು ಗೊರವನಹಳ್ಳಿಯ ದೇವಸ್ಥಾನದ ಮುಂದಿನ ಹೂವಿನವಳವರೆಗೆ ಎಲ್ಲರೂ ಮುಂದಿಟ್ಟುಕೊಂಡಿರುವ, ನಾವೆಲ್ಲ ಫೋನು ಹಿಡಿಯುವ ಆ ಚೌಕವನ್ನು ನಾನು ದಿನಕ್ಕೆ ಹತ್ತು ಸಲ ನೋಡುತ್ತೇನೆ. ಹಣ ಎರಡು ಸಲ ಹೋಯಿತೇನೋ ಎಂದು ಹೆದರಿದ್ದು ಬಿಟ್ಟರೆ, ಅದರಲ್ಲಿ ಒಂದು ವಿನ್ಯಾಸವಿದೆ ಎಂದು ನನಗೆ ಹೊಳೆದದ್ದೇ ಇಲ್ಲ. ಚಿತ್ರಕಲಾ ಶಿಕ್ಷಕಿಯಂತೆ!

ಎಲ್ಲೋ ಓದಿದ್ದ ನೆನಪು. ಬಹಳ ಹಿಂದೆ ಪರದೇಶದಲ್ಲಿ, ಹೂಬಳ್ಳಿ ನೇಯುವ ಮಗ್ಗಕ್ಕೆ ತೂತು ಕೊರೆದ ರಟ್ಟಿನ ಪಟ್ಟಿಗಳನ್ನು ಉಣಿಸುತ್ತಿದ್ದರಂತೆ. ತೂತಿದ್ದರೆ ದಾರ ಮೇಲೆ, ಇಲ್ಲದಿದ್ದರೆ ಕೆಳಗೆ. ಇದೆ, ಇಲ್ಲ ಎಂಬ ಈ ಎರಡೇ ಮಾತಿನಿಂದ ಯಂತ್ರಕ್ಕೆ ಕೆಲಸ ಹೇಳಬಹುದೆಂಬ ಉಪಾಯ ಮುಂದೆ ಗಣಕಯಂತ್ರಕ್ಕೂ ಬಂತಂತೆ. ಅಂದರೆ ಕಂಪ್ಯೂಟರಿಗೆ ಅಜ್ಜಿಯ ಸ್ಥಾನದಲ್ಲಿ ಇರುವುದು ಮಗ್ಗ. ಕಾವ್ಯ ಇದನ್ನೆಲ್ಲ ಓದಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಅವಳ ಅಜ್ಜಿ.

ಯೋಜನೆ ಹೀಗಾಯಿತು. ಅಜ್ಜಿ ಕೆಂಚಮ್ಮನವರು ಬಿಳಿಯುಣ್ಣೆಯ ಒಂದು ತುಂಡು ಕಂಬಳಿ ನೇಯ್ದುಕೊಡುವುದು. ಕಾವ್ಯ ಅದರ ಮೇಲೆ ಅಡ್ಡ ಇಪ್ಪತ್ತೈದು, ಉದ್ದ ಇಪ್ಪತ್ತೈದು ಮನೆ ಎಣಿಸಿ, ಬೇಕಾದ ಮನೆಗಳಿಗೆ ದಬ್ಬಣದಲ್ಲಿ ಕರಿಯುಣ್ಣೆ ತುಂಬುವುದು. ಒಂದೊಂದು ಮನೆಯೂ ಒಂದು ಬೆರಳಿನಗಲ. ಅದಕ್ಕೆ ಫೋನು ಹಿಡಿದರೆ, ಮಗ್ಗದ ಮುಂದೆ ಕೂತು ಅಜ್ಜಿ ಆಡಿದ ಮಾತು ಕೇಳಬೇಕು. ಸಿರಾದಿಂದ ಬರುವ ನಮ್ಮ ವಿಜ್ಞಾನ ಶಿಕ್ಷಕಿ ನುಸ್ರತ್, ಆ ಧ್ವನಿಗೊಂದು ಕ್ಯೂಆರ್ ಕೋಡು ಮಾಡಿ ಗ್ರಾಫ್ ಹಾಳೆಯಲ್ಲಿ ಇಳಿಸಿಕೊಟ್ಟರು. "ಉಣ್ಣೆ ಅಲ್ವಾ, ಸೊಟ್ಟಗೆ ಬರುತ್ತೆ. ಅದಕ್ಕೇ ಗಟ್ಟಿ ಕೋಡು ಹಾಕಿದೀನಿ. ಅಲ್ಲಿಷ್ಟು ಇಲ್ಲಿಷ್ಟು ಅಳಿಸಿಹೋದ್ರೂ ಉಳಿದಿದ್ದನ್ನ ನೋಡಿ ಫೋನೇ ತಿಳ್ಕೊಳ್ಳುತ್ತೆ. ಟೆನ್ಶನ್ ಮಾಡ್ಕೋಬೇಡಿ" ಅಂದರು. ಟೆನ್ಶನ್ ಮಾಡ್ಕೋಬೇಡಿ ಎಂದು ಯಾರಾದರೂ ಹೇಳಿದ ಕೂಡಲೇ ನಾನು ನೋಟ್‌ಬುಕ್ ತೆಗೆಯುತ್ತೇನೆ.

ಅಜ್ಜಿಯನ್ನು ಒಪ್ಪಿಸಲು ಕಾವ್ಯ ಒಂದು ಮಾತು ಕೊಟ್ಟಿದ್ದಳು. "ಅಜ್ಜಿ, ಎಲ್ರ ಮುಂದೆ ಕಂಬ್ಳಿ ನಿನ್ ದನೀಲೇ ಮಾತಾಡ್ತದೆ." ಅಜ್ಜಿ ಮೊದಲು ಬೈದರಂತೆ. ಆಮೇಲೆ ಹಿಟ್ಟಿನ ಗಿರಣಿಯಲ್ಲಿ, ಹಾಲಿನ ಡೈರಿಯಲ್ಲಿ, ಕುರಿ ಹೊಡೆದುಕೊಂಡು ಹೋಗುವ ದಾರಿಯಲ್ಲಿ ಸಿಕ್ಕವರಿಗೆಲ್ಲ, "ನಮ್ ಕಂಬ್ಳಿ ಮಧುಗಿರೀಲಿ ಮಾತಾಡ್ತದಂತೆ ಕಣಮ್ಮ" ಎಂದು ಹೇಳಿಕೊಂಡು ಬಂದರಂತೆ. ಪ್ರದರ್ಶನದ ದಿನ ಹನ್ನೊಂದು ಗಂಟೆಯ ಬಸ್ಸಿಗೆ ತಾವೂ ಬರುವುದಾಗಿ ಹಟ ಹಿಡಿದರು. ಬಹುಮಾನ ಬಂದರೂ ಒಂದೇ, ಬಿಟ್ಟರೂ ಒಂದೇ, ಅಜ್ಜಿಯ ಮುಂದೆ ಕಂಬಳಿ ಬಾಯಿ ಬಿಟ್ಟರೆ ಸಾಕು ಎಂಬುದೊಂದೇ ಆಗ ಕಾವ್ಯಳಿಗಿದ್ದ ಆಸೆ.

ಶಾಲೆಯಲ್ಲಿ ಪರೀಕ್ಷೆ ಮಾಡಿದಾಗ ಕಂಬಳಿ ಚೆನ್ನಾಗಿಯೇ ಮಾತಾಡಿತ್ತು. ಅಂಚು ಹೊಲಿಸಿಕೊಂಡು ಬರುತ್ತೇನೆಂದು ಕಾವ್ಯ ಅದನ್ನು ಮನೆಗೆ ಒಯ್ದಳು. ಪ್ರದರ್ಶನದ ಬೆಳಿಗ್ಗೆ ಮಧುಗಿರಿಯ ಸಭಾಂಗಣದಲ್ಲಿ ಮಡಿಕೆ ಬಿಚ್ಚಿ ಗೋಡೆಗೆ ತೂಗುಹಾಕಿದೆವು. ಕರೆಂಟಿತ್ತು. ನೆಟ್‌ವರ್ಕಿತ್ತು. ಮಜ್ಜಿಗೆಯ ಕಲೆ ಇರಲಿಲ್ಲ. ನುಸ್ರತ್ ಫೋನು ಹಿಡಿದರು. ಕಂಬಳಿ ಸುಮ್ಮನಿತ್ತು. ನಾನು ಹಿಡಿದೆ. ಸುಮ್ಮನಿತ್ತು. ಹತ್ತಿರ ಹೋದೆವು, ದೂರ ಬಂದೆವು, ಕುಕ್ಕರುಗಾಲಲ್ಲಿ ಕೂತೆವು. ಪಕ್ಕದ ಪಾವಗಡದ ಮಕ್ಕಳು, ನಾವು ಕಂಬಳಿಗೆ ಆರತಿ ಎತ್ತುತ್ತಿದ್ದೇವೆಂದು ತಿಳಿದು ಕೈಮುಗಿಯುವುದೊಂದು ಬಾಕಿ.

ಕೊನೆಗೆ ನುಸ್ರತ್, "ಅರೆ! ಇದೇನು ಮೇಡಂ, ನಾಲ್ಕಿದೆ?" ಅಂದರು.

ನೀವು ಯಾವುದಾದರೂ ಅಂಗಡಿಯ ಚೌಕವನ್ನು ಗಮನಿಸಿ ನೋಡಿ. ಮೂರು ಮೂಲೆಗಳಲ್ಲಿ ಒಂದೊಂದು ದೊಡ್ಡ ಚೌಕವಿರುತ್ತದೆ. ನಾಲ್ಕನೆಯ ಮೂಲೆಯಲ್ಲಿ ಅದಿರುವುದಿಲ್ಲ, ಬರೀ ಪುಡಿ ಮನೆಗಳು. ಆ ಮೂರನ್ನು ನೋಡಿಯೇ ಫೋನು ತಲೆ ಯಾವುದು, ಬುಡ ಯಾವುದು ಎಂದು ಗುರುತಿಸುವುದಂತೆ. ನಮ್ಮ ಕಂಬಳಿಯ ನಾಲ್ಕನೆಯ ಮೂಲೆಯಲ್ಲಿದ್ದ ಪುಡಿ ಮನೆಗಳನ್ನೆಲ್ಲ ಯಾರೋ ಬಿಚ್ಚಿ, ಮಿಕ್ಕ ಮೂರರಂಥದೇ ಇನ್ನೊಂದು ದೊಡ್ಡ ಚೌಕವನ್ನು ಒಂದೆಳೆಯೂ ಅಳತೆ ತಪ್ಪದಂತೆ ತುಂಬಿದ್ದರು. ಅದು ಮಿಕ್ಕ ಮೂರಕ್ಕಿಂತ ಚೆನ್ನಾಗಿತ್ತು ಎಂಬುದೇ ನನ್ನ ದುಃಖ.

ಕಾವ್ಯಳ ಮುಖ ಇಳಿದುಹೋಯಿತು. "ಅಜ್ಜಿ ಮಾಡ್ಬುಟ್ಟೌಳೆ ಮಿಸ್. ಅಂಚು ಹೊಲ್ಯಕ್ಕೆ ಕೊಟ್ಟಿದ್ದೆ. ನಮ್ಮನೇಲಿ ಮೂಲೆ ಬುಟ್ಟಿರೋ ಕಂಬ್ಳಿನ ಯಾರಿಗೂ ಕೊಡಲ್ಲ. ದೇವ್ರ ಗದ್ದಿಗೆಗೆ ಹಾಸಾಕಾಗಲ್ಲ ಅಂತಾರೆ."

ಅಷ್ಟರಲ್ಲಿ ಗಂಟೆ ಹನ್ನೊಂದು ದಾಟಿತ್ತು. ನಾನು ಚೀಲದಿಂದ ಕತ್ತರಿಯನ್ನೂ ಬಿಳಿಯ ಪೋಸ್ಟರ್ ಬಣ್ಣವನ್ನೂ ತೆಗೆದೆ. ಚಿಂತೆ ಮಾಡುವವರ ಚೀಲದಲ್ಲಿ ಎಲ್ಲವೂ ಇರುತ್ತದೆ. ಅಜ್ಜಿ ಬರುವಷ್ಟರಲ್ಲಿ ಆ ಮೂಲೆಯನ್ನು ಬಿಚ್ಚುವುದೋ, ಬಣ್ಣ ಬಳಿಯುವುದೋ ಎಂದು ಲೆಕ್ಕ ಹಾಕುತ್ತಿರುವಾಗ ಕಾವ್ಯ ಕಂಬಳಿಗೆ ಅಡ್ಡ ನಿಂತಳು.

"ಬ್ಯಾಡ ಮಿಸ್. ಅಜ್ಜಿ ಬಂದು ಮೊದ್ಲು ಆ ಮೂಲೇನೇ ನೋಡ್ತಾಳೆ."

"ಆದ್ರೆ ಕಂಬಳಿ ಮಾತಾಡಲ್ವಲ್ಲೇ."

"ಮಾತಾಡ್ದಿದ್ರೆ ನೆಟ್‌ವರ್ಕ್ ಇಲ್ಲ ಅಂತ ಹೇಳ್ಬುಡ್ತೀನಿ. ಬೈಸ್ಕಂತೀನಿ. ಅವಳು ಹಾಕಿರೋದ್ನ ಮಾತ್ರ ಕೀಳ್ಬ್ಯಾಡಿ."

ಕಣ್ಣಲ್ಲಿ ನೀರಾಡುತ್ತಿತ್ತು, ಕಾಲು ಮಾತ್ರ ಕದಲಲಿಲ್ಲ. ನಾನು ಕತ್ತರಿಯನ್ನು ಒಳಗಿಟ್ಟೆ.

ತೀರ್ಪುಗಾರರೂ ಕೆಂಚಮ್ಮಜ್ಜಿಯೂ ನಮ್ಮ ಮುಂದೆ ಒಟ್ಟಿಗೇ ಬಂದು ನಿಂತರು. ನನ್ನ ನೋಟ್‌ಬುಕ್ಕಿನಲ್ಲಿ ಇದೂ ಇರಲಿಲ್ಲ. ತೀರ್ಪುಗಾರರಲ್ಲಿ ಹಿರಿಯರೊಬ್ಬರು ಫೋನು ತೆಗೆದು ಹಿಡಿದರು. ಏನೂ ಆಗಲಿಲ್ಲ, ಆದರೂ ಅವರು ಹಿಡಿದ ಫೋನು ಇಳಿಸಲಿಲ್ಲ. ಕಾವ್ಯ ನೆಲ ನೋಡುತ್ತಿದ್ದಳು. ನಾನು ಬೆಟ್ಟ ಕಾಣುವ ಕಿಟಕಿಯ ಕಡೆ ನೋಡಿದೆ. ಈಗ ಉರುಳಿದರೂ ಅಡ್ಡಿಯಿಲ್ಲ ಅನ್ನಿಸಿತು.

ಅಜ್ಜಿಗೆ ಇದಾವುದರ ಪರಿವೆಯೂ ಇರಲಿಲ್ಲ. ಸೀದಾ ಕಂಬಳಿಯ ಹತ್ತಿರ ಹೋಗಿ, ತಾವು ತುಂಬಿದ ಮೂಲೆಯ ಮೇಲೆ ಅಂಗೈ ಅಗಲಿಸಿ ಇಟ್ಟು, ನನ್ನ ಕಡೆ ತಿರುಗಿದರು.

"ನೋಡಿ ಟೀಚರಮ್ಮ, ಈ ಮೂಲೆ ನಾನೇ ತುಂಬಿದ್ದು. ಓದೋ ಮಗ, ಮರ್ತ್ಬುಟ್ಟಿತ್ತು. ನೀವಾದ್ರೂ ನೋಡ್ಬಾರ್ದಾ?"

ಅವರ ಮಾತು ಮುಗಿಯುವ ಮೊದಲೇ ಅವರದೇ ದನಿ ಸಭಾಂಗಣದಲ್ಲಿ ಇನ್ನೊಮ್ಮೆ ಮೊಳಗಿತು.

"ಲೇ ಕಾವ್ಯಾ, ಆ ಫೋನ್ನ ಅತ್ಲಾಗೆ ಇಕ್ಕೇ! ಒಲೆ ಮ್ಯಾಲೆ ನೂಲಿಗಿಕ್ಕೋ ಹುಣಸೆಬೀಜದ ಗಂಜಿ ಹತ್ತಕಂತೈತೆ. ಬಂದು ನೂಲು ಹಿಡ್ಕ!"

ಅಜ್ಜಿ ಬೆಚ್ಚಿ ಕೈ ತೆಗೆದರು. "ಯಾರ್ಲಾ ಅದು, ನನ್ನಂಗೇ ಬಯ್ಯೋಳು?"

ಹಿರಿಯರ ಫೋನಿನಿಂದ ಬೈಗುಳ ಬರುತ್ತಲೇ ಇತ್ತು. ಸಭಾಂಗಣವೆಲ್ಲ ನಗತೊಡಗಿತು. ಕಾವ್ಯ ಅತ್ತಳೋ ನಕ್ಕಳೋ ನನಗೆ ತಿಳಿಯಲಿಲ್ಲ. ನಾನೂ ಆಗ ಅದೇ ಸ್ಥಿತಿಯಲ್ಲಿದ್ದೆ. ಅಜ್ಜಿಯ ಅಂಗೈ ನಾಲ್ಕನೆಯ ಚೌಕವನ್ನು ಮುಚ್ಚಿದ್ದರಿಂದ ಫೋನಿಗೆ ಮೂರೇ ಕಂಡಿದ್ದವು. ಮಿಕ್ಕದ್ದನ್ನು ಅದೇ ತಿಳಿದುಕೊಂಡಿತ್ತು. ಮತ್ತೆ ಕೇಳಬೇಕೆಂದವರಿಗೆಲ್ಲ ಅಜ್ಜಿ ಮತ್ತೆ ಮತ್ತೆ ಕೈ ಇಟ್ಟು ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಅವರು, "ನಾನು ಮುಟ್ದೇ ಅದು ಬಾಯಿ ಬುಡಲ್ಲ" ಎಂದು ಎಲ್ಲರಿಗೂ ತಂತ್ರಜ್ಞಾನ ವಿವರಿಸುತ್ತಿದ್ದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಎರಡನೆಯ ಬಹುಮಾನ ಬಂತು. ಮೊದಲನೆಯದು ಕೊರಟಗೆರೆಯ ಮಕ್ಕಳ ರಟ್ಟಿನ ರೋಬೋಟಿಗೆ. ಅದಕ್ಕೆ ಯಾರೂ ಕೈ ಇಡಬೇಕಾಗಿರಲಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಈಗ ಪ್ರತಿ ಚಟುವಟಿಕೆಯ ಕೊನೆಗೂ ಸ್ವಮೌಲ್ಯಮಾಪನವೆಂಬ ಒಂದು ನಮೂನೆ ಬರುತ್ತದೆ. ಮಾಡಿದವರೇ ತಮಗೆ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿಕೊಳ್ಳಬೇಕು. ನಮ್ಮ ಕಾಲದಲ್ಲಿ ಅಂಕವೆನ್ನುವುದು ಮಳೆಯ ಹಾಗೆ, ಮೇಲಿನಿಂದ ಬೀಳಬೇಕಾದ್ದು. ನಮಗೆ ನಾವೇ ಹಾಕಿಕೊಂಡದ್ದು ತಿಳಿದಿದ್ದರೆ ಮನೆಯಲ್ಲಿ ಬೇರೆ ಏನೋ ಬೀಳುತ್ತಿತ್ತು. ಈಗ ನನ್ನ ತರಗತಿಯ ಹುಡುಗಿಯೊಬ್ಬಳು ಹತ್ತಕ್ಕೆ ಹತ್ತು ಹಾಕಿಕೊಂಡು, ಕಾರಣದ ಜಾಗದಲ್ಲಿ 'ಬೇರೆಯವರು ಕೊಡುವುದಿಲ್ಲ' ಎಂದು ಬರೆದಿದ್ದಳು. ಇನ್ನೊಬ್ಬ, 'ಮಿಸ್ ಎಷ್ಟು ಕೊಡುತ್ತಾರೋ ಅಷ್ಟು' ಎಂದು ಬರೆದು ನಿಶ್ಚಿಂತನಾಗಿದ್ದ. ನಿಶ್ಚಿಂತೆ ಕಂಡರೆ ನನಗೆ ಹೊಟ್ಟೆಕಿಚ್ಚು.

ಕಾವ್ಯ ಎಂಟು ಹಾಕಿಕೊಂಡಿದ್ದಳು. 'ಏನು ತಪ್ಪಾಯಿತು?' ಎಂಬಲ್ಲಿ ಬರೆದಿದ್ದಳು: 'ಕೋಡು ನಾಲ್ಕನೇ ಮೂಲೆಯಲ್ಲಿ ಕೆಟ್ಟಿತು. ಕಂಬಳಿ ಕೆಡಲಿಲ್ಲ.' 'ಮುಂದಿನ ಸಲ ಏನು ಬದಲಿಸುತ್ತೀರಿ?' ಎಂಬಲ್ಲಿ: 'ಗ್ರಾಫ್ ಹಾಳೆಯನ್ನು ಮೊದಲು ಅಜ್ಜಿಗೆ ತೋರಿಸುತ್ತೇನೆ. ಅವಳಿಗೆ ಎಣಿಸುವುದು ನನಗಿಂತ ಚೆನ್ನಾಗಿ ಬರುತ್ತದೆ.' ಕೆಳಗೆ ಮುಂದಿನ ಕಂಬಳಿಯ ಚಿತ್ರವನ್ನೂ ಬರೆದಿದ್ದಳು. ನಡುವೆ ಕೋಡು, ಅದರಿಂದ ಒಂದು ಗೇಣು ದೂರ ಬಿಟ್ಟು ಸುತ್ತ ಅಂಚು, ಅಂಚಿನ ನಾಲ್ಕು ಮೂಲೆಗೂ ಅಜ್ಜಿಯ ನಾಲ್ಕು ಚೌಕ. ಅಜ್ಜಿಗೂ ಒಪ್ಪಿಗೆ, ಫೋನಿಗೂ ಒಪ್ಪಿಗೆ. ನುಸ್ರತ್ ನೋಡಿ, "ಇದು ಪಕ್ಕಾ ಓದುತ್ತೆ" ಅಂದರು. ನಾನು ಆ ಎಂಟನ್ನು ಹೊಡೆದು ಒಂಬತ್ತು ಮಾಡಿದೆ. ಹತ್ತು ಕೊಟ್ಟರೆ ದೃಷ್ಟಿಯಾದೀತೆಂಬ ಅಂಜಿಕೆ.

ಮಾರ್ಗದರ್ಶಿ ಶಿಕ್ಷಕರಿಗೂ ಅಂಥದೇ ಒಂದು ನಮೂನೆಯಿತ್ತು. 'ಏನು ತಪ್ಪಾಯಿತು?' ಎಂಬ ಪ್ರಶ್ನೆಯ ಕೆಳಗೆ ಹತ್ತು ಗೆರೆ. ನನ್ನಂಥವಳಿಗೆ ಹತ್ತು ಗೆರೆ ಎಲ್ಲಿ ಸಾಕು! ಉತ್ಸಾಹದಿಂದ ನೋಟ್‌ಬುಕ್ ಬಿಡಿಸಿಕೊಂಡು ಕೂತೆ. ಎರಡು ಪುಟವನ್ನೂ ಮೇಲಿನಿಂದ ಕೆಳಗೆ ಓದಿದೆ. ಇಲಿ ಕಡಿದಿರಲಿಲ್ಲ. ಯಾರೂ ಸೀನಿರಲಿಲ್ಲ. ಉದ್ಘಾಟಕರು ಬರಿಗೈಯಲ್ಲೇ ಮನೆಗೆ ಹೋಗಿದ್ದರು. ಖಾಲಿ ಮೂಲೆ ಕಂಡರೆ ಕೆಂಚಮ್ಮಜ್ಜಿ ಉಣ್ಣೆ ತುಂಬುತ್ತಾರೆ, ನಾನು ಚಿಂತೆ ತುಂಬುತ್ತೇನೆ. ಅವರದಾದರೂ ನಾಲ್ಕು ಜನ ನೋಡುವಂತಿತ್ತು.

ನೋಟ್‌ಬುಕ್ ಮುಚ್ಚಿಟ್ಟು ಒಂದೇ ಗೆರೆ ಬರೆದೆ. ಮಿಕ್ಕ ಒಂಬತ್ತು ಗೆರೆಗಳ ಮೇಲೆ ಪೆನ್ನು ತುಸು ಹೊತ್ತು ತೂಗಾಡಿತು, ಕೈ ತುರಿಸಿತು. ಆದರೂ ಖಾಲಿಯಾಗಿಯೇ ಬಿಟ್ಟು ಸಹಿ ಹಾಕಿದೆ. ಬರೆದ ಗೆರೆ ಇಷ್ಟೇ: 'ಆ ಮೂಲೆಯಲ್ಲಿ ಚೌಕ ಯಾಕಿಲ್ಲ ಎಂದು ಅಜ್ಜಿಗೆ ಹೇಳಲಿಲ್ಲ.'