ನಳಿನಿಯ ತಟ್ಟೆ, ನನ್ನ ಮೂಗು

ಇವತ್ತು ಬೆಳಿಗ್ಗೆ ಪಲಾವಿಗೆ ಮಸಾಲೆ ಹುರಿಯುತ್ತಿದ್ದಾಗ ಲವಂಗದ ವಾಸನೆ ಬಂತು. ಅದರಲ್ಲೇನು ವಿಶೇಷ ಅಂತೀರಾ? ಇದೆ ಸ್ವಾಮಿ, ಇದೆ. ಆ ಹಾಳು ಕೊರೊನಾ ನಮ್ಮ ಮನೆಯವರನ್ನೆಲ್ಲ ಮಲಗಿಸಿ ಎಬ್ಬಿಸಿದ ಮೇಲೆ ನನ್ನ ಮೂಗಿಗೆ ಲವಂಗವೂ ಒಂದೇ, ಮರಳೂ ಒಂದೇ ಆಗಿತ್ತು. ಕಾಫಿ, ಮಲ್ಲಿಗೆ ಎಲ್ಲ ನಿಧಾನವಾಗಿ ಒಂದೊಂದೇ ವಾಪಸು ಬಂದವು. ಲವಂಗ ಬಂದದ್ದು ಇವತ್ತೇ. ಒಲೆ ಆರಿಸಿ ಸುಮ್ಮನೆ ನಿಂತುಬಿಟ್ಟೆ. ನಳಿನಿ ನೆನಪಾದಳು.

ನಳಿನಿ ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಶ್ರೀನಗರದ ಈ ಮನೆಯಲ್ಲಿ ನಾವು ಕೆಳಗೆ, ಅವರು ಮೇಲೆ. ಕಾಲೇಜಿನಲ್ಲಿ ಆಹಾರ ವಿಜ್ಞಾನದ ಪಾಠ ಹೇಳುತ್ತಿದ್ದಳು. ಪ್ಲಾಸ್ಟಿಕ್ ಕವರ್ ಕಂಡರೆ ಅವಳಿಗೆ ಮೈಯೆಲ್ಲ ಉರಿ. ಎಣ್ಣೆ ತೆಗೆದ ಮೇಲೆ ಉಳಿಯುತ್ತದಲ್ಲ ಕಡಲೆಕಾಯಿ ಹಿಂಡಿ, ಅದರಿಂದ ಪ್ರೋಟೀನ್ ತೆಗೆದು ತೆಳ್ಳಗಿನ ಹಾಳೆ ಮಾಡಬೇಕು, ಅದರಲ್ಲಿ ತಿಂಡಿ ಕಟ್ಟಬೇಕು ಅನ್ನುವುದು ಅವಳ ಹುಚ್ಚು.

"ದನಕ್ಕೆ ಹಾಕೋ ಹಿಂಡೀನ ಒಬ್ಬಟ್ಟಿಗೆ ಸುತ್ತುತೀಯೇನೇ?" ಅಂದಿದ್ದೆ.

"ಸುತ್ತೋದೇನು ಅಕ್ಕ, ಒಬ್ಬಟ್ಟಿನ ಜೊತೆ ತಿಂದ್ರೂ ಏನೂ ಆಗಲ್ಲ," ಅಂದಳು.

ಕಾಲೇಜು ಮುಚ್ಚಿದ್ದರಿಂದ ಮನೆಯ ಅಡುಗೆಮನೆಯೇ ಅವಳ ಲ್ಯಾಬು. ಪ್ರೋಟೀನಿನ ಹಿಟ್ಟನ್ನು ನೀರಲ್ಲಿ ಕಲಸಿ ಬಿಸಿಮಾಡುವಳು. ಹಾಳೆ ಹಪ್ಪಳದ ಹಾಗೆ ಮುರಿಯಬಾರದಲ್ಲ, ಅದಕ್ಕೆ ಚೂರು ಗ್ಲಿಸರಿನ್. ಬೂಷ್ಟು ಹಿಡಿಯಬಾರದು, ಅದಕ್ಕೆ ನಾಲ್ಕು ಹನಿ ಲವಂಗದ ಎಣ್ಣೆ. ಸ್ಟೀಲ್ ತಟ್ಟೆಗೆ ತೆಳ್ಳಗೆ ಹುಯ್ದು ಒಣಗಿಸಿ, ಅಂಚಿನಿಂದ ಉಸಿರು ಬಿಗಿಹಿಡಿದು ಎಬ್ಬಿಸುವಳು. ಒಬ್ಬಟ್ಟನ್ನು ಅದರಲ್ಲಿ ಎರಡು ದಿನ ಸುತ್ತಿಟ್ಟು, ಮಧ್ಯಾಹ್ನ ತಟ್ಟೆ ಹಿಡಿದು ಮೆಟ್ಟಿಲಿಳಿದು ಬರುವಳು. "ಅಕ್ಕ, ಮೂಸಿ ನೋಡಿ, ಲವಂಗ ಗೊತ್ತಾಗುತ್ತಾ?"

ನನ್ನ ಹತ್ತಿರವೇ ಯಾಕೆ ಅಂದರೆ, ನನ್ನ ಮೂಗು ಈ ಬೀದಿಗೇ ಹೆಸರುವಾಸಿ. ಎದುರುಮನೆಯಲ್ಲಿ ಹಾಲು ಸೀದರೆ ಬಾಗಿಲು ತಟ್ಟುತ್ತಿದ್ದವಳು ನಾನು. ಮನೆಯ ಗಂಡಸರನ್ನು ಕೇಳಿ ಪ್ರಯೋಜನವಿರಲಿಲ್ಲ. ಒಬ್ಬಟ್ಟಿನ ಬದಲು ಬರೀ ಹಾಳೆ ಕೊಟ್ಟರೂ "ಚೆನ್ನಾಗಿದೆ" ಅನ್ನುವ ಪೈಕಿ ಅವರು. ಅಂಥ ಮೂಗು ಸತ್ತುಹೋಗಿದೆ ಅಂತ ಹೇಗೆ ಹೇಳಲಿ? ಜಂಬ ಅಂದುಕೊಳ್ಳಿ, ಒಪ್ಪಿಕೊಳ್ಳುತ್ತೇನೆ. ಆದರೆ ಜಂಬಕ್ಕಿಂತ ಹೆಚ್ಚಾಗಿ ಭಯ. ಮೂಗಿಲ್ಲ ಅಂತ ತಿಳಿದರೆ ಇವಳು ಕೆಳಗೆ ಬರುವುದನ್ನೇ ಬಿಟ್ಟರೆ? ಆ ದಿನಗಳಲ್ಲಿ ನನ್ನ ಜೊತೆ ಕೂತು ಮನಸಾರೆ ಹರಟುತ್ತಿದ್ದವಳು ಅವಳೊಬ್ಬಳೇ.

"ಒಂಚೂರೂ ಇಲ್ಲ ಕಣೇ," ಅಂದೆ.

"ಹಾಗಾದ್ರೆ ಇನ್ನೆರಡು ಹನಿ ಹಾಕ್ಲಾ? ಮೂರನೇ ದಿನಕ್ಕೆ ಬೂಷ್ಟು ಬರ್ತಿದೆ."

"ಧಾರಾಳವಾಗಿ ಹಾಕು."

ಹೀಗೆ ಎರಡೆರಡೇ ಹನಿ ಏರಿ ಎಷ್ಟಾಯಿತೋ ದೇವರೇ ಬಲ್ಲ. ಕೊನೆಗೆ ಕತ್ರಿಗುಪ್ಪೆಯ ಒಂದು ಸಿಹಿತಿಂಡಿ ಅಂಗಡಿಯವರು, ರುಚಿ ಕೆಡದಿದ್ದರೆ ಯುಗಾದಿಯ ಒಬ್ಬಟ್ಟನ್ನೆಲ್ಲ ಇದರಲ್ಲೇ ಕಟ್ಟೋಣ ಅಂದರು. ಇಬ್ಬರೂ ಹೋದೆವು. ಅವರು ಒಬ್ಬಟ್ಟಿನ ಒಂದು ತುಂಡು ಬಾಯಿಗಿಟ್ಟು ಮುಖ ಕಿವುಚಿದರು. "ಮೇಡಂ, ಬೇಜಾರು ಮಾಡ್ಕೋಬೇಡಿ. ಬಾಯೆಲ್ಲ ಲವಂಗದೆಣ್ಣೆ, ಹಲ್ಲು ಕೀಳಿಸ್ಕೊಂಡು ಬಂದ ಹಾಗಿದೆ," ಅಂದರು. ಅಂಗಡಿಯ ಹುಡುಗಿಯರು ಕಿಸಕ್ಕನೆ ನಕ್ಕರು. ನಳಿನಿ ನನ್ನ ಕಡೆ ಒಮ್ಮೆ ನೋಡಿದಳು, ಅಷ್ಟೇ. ಆಟೋದಲ್ಲಿ ಮನೆವರೆಗೂ ಹೊರಗೇ ನೋಡುತ್ತ ಕೂತಳು.

ಆಮೇಲೆ ತಟ್ಟೆ ಕೆಳಗಿಳಿಯಲಿಲ್ಲ. ವರ್ಷ ತಿರುಗುವುದರೊಳಗೆ ಮೈದುನನಿಗೆ ಮೈಸೂರಿಗೆ ಟ್ರಾನ್ಸ್‌ಫರ್ ಆಯಿತು. ಈಗ ಹಬ್ಬಕ್ಕೊಂದು ಫೋನು, ಚೆನ್ನಾಗಿದ್ದೀರಾ, ಚೆನ್ನಾಗಿದ್ದೀವಿ. ಈಗಲೂ ಮಧ್ಯಾಹ್ನ ಮೆಟ್ಟಿಲ ಮೇಲೆ ಯಾರದಾದರೂ ಚಪ್ಪಲಿ ಸದ್ದಾದರೆ ಕತ್ತೆತ್ತಿ ನೋಡುತ್ತೇನೆ. ಬಾಡಿಗೆಯವರಿರುತ್ತಾರೆ.

ಇವತ್ತು ಬಾಣಲೆ ಮುಂದೆ ನಿಂತೇ ಫೋನ್ ಮಾಡಿದೆ. "ನಳಿನಿ, ಆವತ್ತು ನಂಗೆ ಮೂಗೇ ಇರಲಿಲ್ಲ ಕಣೇ. ಸುಳ್ಳು ಹೇಳಿದ್ದೆ. ನಿನ್ನ ಕೆಲಸ ಹಾಳು ಮಾಡಿದವಳು ನಾನೇ," ಅಂದೆ. ಅಳು ಬಂತು.

ಆ ಕಡೆಯಿಂದ ನಗುವೋ ಬಿಕ್ಕೋ ತಿಳಿಯದ ಸದ್ದು.

"ಅಯ್ಯೋ ಅಕ್ಕ! ನನ್ನ ಮನಸ್ಸು ನೋಯಬಾರದು ಅಂತ ನೀವು ಲವಂಗ ಗೊತ್ತಾಗಲ್ಲ ಅಂತಿದ್ರಿ ಅಂದ್ಕೊಂಡಿದ್ದೆ. ಅದಕ್ಕೇ ಮುಖ ತೋರಿಸೋಕಾಗ್ಲಿಲ್ಲ. ಮೂಗು ನಂದೂ ಹೋಗಿತ್ತು. ಇಲ್ಲದಿದ್ರೆ ನಾನೇ ನೋಡ್ತಿರಲಿಲ್ವಾ? ಆಹಾರದ ಪಾಠ ಹೇಳೋಳು ನಾನು, ಯಾರ ಹತ್ರ ಹೇಳ್ಕೊಳ್ಲಿ?"

ಇಬ್ಬರು ಮೂಗಿಲ್ಲದವರು ಒಂದೇ ತಟ್ಟೆಯ ಮೇಲೆ ಬಗ್ಗಿ ತೀರ್ಪು ಕೊಟ್ಟಿದ್ದೆವು.

"ಈಗ ಬಂತಲ್ಲ ನಿಂಗೆ?" ಅಂದೆ.

"ಇಲ್ಲ ಅಕ್ಕ. ನಂಗಿನ್ನೂ ಬಂದಿಲ್ಲ." ಆಮೇಲೆ ಅವಳೇ ಕೇಳಿದಳು, "ನಿಮ್ಮ ಅಡುಗೆಮನೇಲಿ ಈಗ ಏನೇನು ವಾಸನೆ ಇದೆ? ಹೇಳಿ."

ಕುರ್ಚಿ ಎಳೆದುಕೊಂಡು ಕೂತೆ. ಒಂದೊಂದಾಗಿ ಹೇಳತೊಡಗಿದೆ. ಗೊತ್ತಾಗದ್ದನ್ನು ಗೊತ್ತಾಗಲಿಲ್ಲ ಅಂತಲೇ ಹೇಳಿದೆ. ಅವಳು ಆ ಕಡೆಯಿಂದ "ಹ್ಞೂಂ, ಆಮೇಲೆ?" ಅನ್ನುತ್ತಲೇ ಇದ್ದಳು.